ಅಮ್ಮ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದ್ದು

ನನ್ನ ಕನ್ನಡಾಭಿಮಾನದ ಬಗ್ಗೆ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಯಾರಿಗೂ ಅನುಮಾನವಿಲ್ಲ. ಕಾರಿನ ಹಿಂಬದಿಯ ಗಾಜಿಗೆ ಹಳದಿ ಕೆಂಪು ಬಾವುಟದ ಸ್ಟಿಕ್ಕರ್ ಅಂಟಿಸಿದ್ದೇನೆ. ಫೋನ್ ಬಡಿದುಕೊಳ್ಳುವುದೂ ಕನ್ನಡ ಹಾಡಿನಲ್ಲೇ. ಪ್ರತಿ ನವೆಂಬರಿನಲ್ಲಿ ಇಲ್ಲಿನ ಕನ್ನಡದವರೆಲ್ಲ ಒಂದು ಬಾಡಿಗೆ ಹಾಲಿನಲ್ಲಿ ಸೇರಿದಾಗ, ಹೆಗಲಿಗೆ ರೇಷ್ಮೆ ಶಲ್ಯ ಹಾಕಿಕೊಂಡು ನುಡಿಯ ಹಿರಿಮೆ ಕುರಿತು ಭಾಷಣ ಮಾಡುವವನು ನಾನೇ. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಕಣ್ಣೊರೆಸಿಕೊಳ್ಳುವುದನ್ನು ಕಂಡಿದ್ದೇನೆ. ಅನುಮಾನವೇನಾದರೂ ಇದ್ದರೆ ಅದು ನನ್ನ ಕನ್ನಡದ ಬಗ್ಗೆ, ಅದೂ ನನ್ನ ಮನೆಯವರಿಗೆ ಮಾತ್ರ.

ನನಗೆ ಅದು ತಿಳಿದದ್ದು ಬಟ್ಟೆಯ ಬೀರುವಿನ ಮುಂದೆ. ಇಲ್ಲಿ ವರ್ಷವಿಡೀ ಗಾಳಿಯಲ್ಲೇ ನೀರಿರುತ್ತದೆ. ಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ ನಾಲ್ಕು ಗಂಟೆಗೆ ಮಳೆ ಬಂದು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡಬೇಕು. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವನು ಶರ್ಟು ತೆಗೆದು ಮೂಗಿಗೆ ಹಿಡಿದು, "ಸೆಲ್ವಿ, ಇದರಲ್ಲಿ ಒಂಥರಾ ಸ್ಮೆಲ್ ಬರ್ತಿದೆ" ಅಂದೆ. ಯಾವ ಥರ ಎಂದು ಕೇಳಿದಳು. "ಅದೇ, ಡ್ಯಾಂಪ್ ಸ್ಮೆಲ್. ಮಳೆಗಾಲದ್ದು. ಅದಕ್ಕೊಂದು ವರ್ಡ್ ಇದೆ, ಬರ್ತಿಲ್ಲ." ಅವಳು ತಲೆ ಬಾಚಿಕೊಳ್ಳುತ್ತಾ, ಕನ್ನಡಿಯಿಂದ ಕಣ್ಣು ತೆಗೆಯದೆ, "ಮುಗ್ಗಲು ವಾಸನೆ ಅನ್ನಿ ರೀ" ಅಂದಳು.

ಸೆಲ್ವಿ ನನ್ನ ಹೆಂಡತಿ. ಹುಟ್ಟಿದ್ದು ಇಲ್ಲೇ ಮಲೇಷ್ಯಾದ ಇಪೋದಲ್ಲಿ, ಮನೆಮಾತು ತಮಿಳು. ಕರ್ನಾಟಕ ಎಂಬುದು ಭೂಪಟದಲ್ಲಿ ಎಲ್ಲಿದೆ ಎಂದು ಅವಳಿಗೆ ತಿಳಿದದ್ದೇ ನನ್ನನ್ನು ಮದುವೆಯಾಗುವ ವಿಚಾರ ಬಂದಾಗ. ಮೈಸೂರಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಶಲ್ಯ ಹೊದ್ದು ಮಾತಾಡುವ ನನಗೆ ಇಪೋದ ಹುಡುಗಿ ನನ್ನ ಶರ್ಟಿನ ವಾಸನೆಯ ಹೆಸರು ಹೇಳಿಕೊಟ್ಟಳು. ನಾನು ಥ್ಯಾಂಕ್ಸ್ ಹೇಳಿ ಬೇರೆ ಶರ್ಟು ಹಾಕಿಕೊಂಡೆ.

ದಾರಿಯಲ್ಲಿ ರೈಲು ಹಿಡಿದು ನಿಂತಾಗ ಲೆಕ್ಕ ಹಾಕಿದೆ. ಮುಗ್ಗಲು, ಕಮಟು, ಘಾಟು, ಸೀದದ್ದು, ಹಳಸಿದ್ದು, ಘಮ, ಕಂಪು. ನನ್ನ ಬಾಲ್ಯದ ಮನೆಯಲ್ಲಿ ಮೂಗಿಗೆ ಇಷ್ಟೊಂದು ಕೆಲಸವಿತ್ತು. ಈಗ ಎಲ್ಲವೂ ಸ್ಮೆಲ್. ಚೆನ್ನಾಗಿದ್ದರೆ ಗುಡ್ ಸ್ಮೆಲ್, ಇಲ್ಲದಿದ್ದರೆ ಬ್ಯಾಡ್ ಸ್ಮೆಲ್. ಮೂಗು ಮೊದಲಿನ ಹಾಗೇ ಇದೆ, ಸ್ವಲ್ಪ ದಪ್ಪವೂ ಆಗಿದೆ, ಆದರೆ ಅದರ ಸಂಸಾರ ಸಣ್ಣದಾಗಿದೆ. ನಾಲಿಗೆಯ ಗತಿಯೂ ಅಷ್ಟೇ. ಒಗರು ಎಂಬ ಮಾತನ್ನು ನಾನು ಎಷ್ಟು ವರ್ಷದಿಂದ ಆಡಿಲ್ಲವೋ ನೆನಪಿಲ್ಲ. ನೆಲ್ಲಿಕಾಯಿ ತಿಂದಿಲ್ಲ ಎಂದಲ್ಲ, ತಿಂದು 'ಡಿಫರೆಂಟ್ ಆಗಿದೆ' ಎಂದಿದ್ದೇನೆ.

ಎರಡು ಭಾಷೆಗಳ ನಡುವೆ ಬದುಕುವವರ ಬಗ್ಗೆ ಬಲ್ಲವರು ಹೇಳುವ ಒಂದು ಮಾತಿದೆ. ಪದಗಳು ಒಮ್ಮೆಗೇ ಸಾಯುವುದಿಲ್ಲವಂತೆ. ಮೊದಲು ಬಾಯಿಗೆ ಬರುವುದು ನಿಲ್ಲುತ್ತದೆ, ಕಿವಿ ಮಾತ್ರ ಗುರುತು ಹಿಡಿಯುತ್ತಿರುತ್ತದೆ, ಕೊನೆಗೆ ಕಿವಿಯೂ ಕೈಬಿಡುತ್ತದೆ. ಯಾರಿಗೆ ತಮ್ಮ ನುಡಿಯ ಬಗ್ಗೆ ಕೀಳರಿಮೆಯೋ ಅವರ ಪದಗಳು ಬೇಗ ಹೋಗುತ್ತವೆ ಎಂದೂ ಕೇಳಿದ್ದೆ. ಇದನ್ನು ಕೇಳಿ ನಾನು ನಿಶ್ಚಿಂತನಾಗಿದ್ದೆ. ಇಲ್ಲಿನ ಸಿರಿವಂತರ ಬಡಾವಣೆ ಬಾಂಗ್ಸಾರ್‌ನ ಕಾಫಿ ಅಂಗಡಿಗಳಲ್ಲಿ ಮಗು 'ಅಮ್ಮಾ, ನೀರು' ಎಂದರೆ ಸುತ್ತ ನೋಡಿ 'ಸೇ ವಾಟರ್, ಡಾರ್ಲಿಂಗ್' ಎನ್ನುವ ನಮ್ಮ ಕಡೆಯ ತಾಯಂದಿರನ್ನು ಕಂಡು ಮರುಗಿದ್ದೆ, ಅವರನ್ನು ಭಾಷಣದಲ್ಲಿ ಸೇರಿಸಿಕೊಂಡೂ ಇದ್ದೆ. ಕೀಳರಿಮೆಯಿದ್ದರೆ ತಾನೇ ನಷ್ಟ? ನನಗಿರುವುದು ಬೆಟ್ಟದಷ್ಟು ಹೆಮ್ಮೆ. ಆ ಹೆಮ್ಮೆಯಿದ್ದೂ ನನ್ನ ಮೂಗಿಗೆ ಹೀಗೇಕಾಯಿತು ಎಂಬುದಕ್ಕೆ ಬಲ್ಲವರಲ್ಲಿ ಉತ್ತರವಿರಲಿಲ್ಲ. ಉತ್ತರ ನಮ್ಮ ಅಡುಗೆಮನೆಯಲ್ಲಿತ್ತು.

ಸೆಲ್ವಿ ಕನ್ನಡ ಕಲಿತ ಬಗೆಯನ್ನು ಹೇಳದಿದ್ದರೆ ನಿಮಗೆ ಇದು ಅರ್ಥವಾಗದು. ಮದುವೆಯಾದ ಹೊಸದರಲ್ಲಿ ಅವಳೊಂದು ಉಪಾಯ ಕಂಡುಕೊಂಡಳು. ತಮಿಳಿನ ಪದದಲ್ಲಿ ಮೊದಲಿಗೆ 'ಪ' ಇದ್ದರೆ ತೆಗೆದು 'ಹ' ಹಾಕುವುದು, ಬಿದ್ದರೆ ಬೀಳಲಿ ಎಂದು ಹೇಳಿಬಿಡುವುದು. ಪಾಲು ಹಾಲಾಯಿತು, ಪಣ ಹಣವಾಯಿತು, ಪಲ್ಲಿ ಹಲ್ಲಿಯಾಗಿ ಗೋಡೆ ಹತ್ತಿತು. ಹಳಗನ್ನಡದಲ್ಲೂ ಈ ಪದಗಳು ಪಕಾರದಲ್ಲೇ ಇದ್ದವು ಎಂಬುದನ್ನು ಬಲ್ಲ ನನಗೆ ಸಾವಿರ ವರ್ಷದ ಭಾಷಾಚರಿತ್ರೆಯನ್ನು ಅವಳು ಒಂದು ವಾರದಲ್ಲಿ ಮುಗಿಸಿದಂತೆ ಕಂಡಿತು. ಆದರೆ ಒಮ್ಮೆ ಮೈಸೂರಿನ ಮದುವೆಮನೆಯಲ್ಲಿ ತಮಿಳಿನ ಪಾಟಿ, ಅಂದರೆ ಅಜ್ಜಿ, ನೆನಪಾಗಿ ಎದುರಿಗೆ ಬಂದ ಹಿರಿಯ ಹೆಂಗಸಿಗೆ "ಬನ್ನಿ ಹಾಟಿ, ಕೂತ್ಕೊಳ್ಳಿ" ಎಂದುಬಿಟ್ಟಳು. ಆಕೆ ಗಾಬರಿಯಾಗಿ ಕೂತುಬಿಟ್ಟರು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ, ಸೆಲ್ವಿ ಮಾತ್ರ ಅವರ ಪಕ್ಕದಲ್ಲೇ ಕೂತು ಮೊಮ್ಮಕ್ಕಳ ವಿಚಾರವನ್ನೆಲ್ಲ ಕೇಳಿಕೊಂಡು ಬಂದಳು.

ಇದು ಅವಳ ಊರಿನ ಗುಣವೂ ಹೌದು. ಇಲ್ಲಿನ ಮಾಮಕ್ ಅಂಗಡಿಗೆ, ಅಂದರೆ ಹಗಲೂ ರಾತ್ರಿ ತೆರೆದಿರುವ ತಮಿಳು ಮುಸಲ್ಮಾನರ ಹೋಟೆಲಿಗೆ ಹೋಗಿ ನೋಡಿ. "ಅಣ್ಣೇ, ರೋಟಿ ಚನಾಯ್ ದುವಾ, ಟೀ ಒಣ್ಣು, ತಪಾವ್ ಲಾ" ಎಂದು ಸೆಲ್ವಿ ಕೂಗುತ್ತಾಳೆ. ಎರಡು ರೊಟ್ಟಿ, ಒಂದು ಟೀ, ಮನೆಗೆ ಕಟ್ಟಿಕೊಡು. ಕೊನೆಯ 'ಲಾ' ಇಲ್ಲಿನವರ ಮಾತಿನ ಬಾಲ, ನಮ್ಮ 'ಕಣೋ' ಇದ್ದ ಹಾಗೆ. ಇಷ್ಟಕ್ಕೆ ತಮಿಳು, ಮಲಯ, ಚೀನಿ, ಇಂಗ್ಲಿಷು ಎಲ್ಲವೂ ಬಂದು ಹೋಗಿರುತ್ತವೆ, ಯಾರ ಮಾನವೂ ಹೋಗಿರುವುದಿಲ್ಲ. ಅಲ್ಲಿ ಯಾರೂ ತಮ್ಮ ನುಡಿಯನ್ನು ಹೊಗಳುವುದನ್ನು ನಾನು ಕೇಳಿಲ್ಲ. ನಾನಾದರೋ ಕನ್ನಡವನ್ನು ದೇವರ ಮನೆಯ ಬೆಳ್ಳಿ ದೀಪದ ಹಾಗೆ ಇಟ್ಟುಕೊಂಡವನು. ಹಬ್ಬಕ್ಕೆ ತೆಗೆದು ಉಜ್ಜಿ ಹೊಳೆಯಿಸಿ ಮತ್ತೆ ಒಳಗಿಡುತ್ತೇನೆ. ದಿನವೂ ನೀರು ಕುಡಿಯುವುದು ಮಾತ್ರ ಬೇರೆ ಲೋಟದಲ್ಲಿ.

ಸೆಲ್ವಿಯ ನಿಜವಾದ ಗುರು ನನ್ನ ಅಮ್ಮ. ಅಮ್ಮ ಮೈಸೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಾಳೆ. ಎಪ್ಪತ್ತು ದಾಟಿದ್ದಾಳೆ, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತೈದು. ನಮ್ಮಲ್ಲಿ ಅಡುಗೆಯ ಹೊತ್ತಿಗೆ ಅಲ್ಲಿ ಸಂಜೆಯ ಕಾಫಿಯ ಹೊತ್ತು. ಸೆಲ್ವಿ ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿ, ಸ್ಪೀಕರ್ ಹಾಕಿ, ತರಕಾರಿ ಹೆಚ್ಚುತ್ತಾ ಕೂರುತ್ತಾಳೆ. ದಿನಾ ಒಂದು ಗಂಟೆಗೆ ಕಡಿಮೆಯಿಲ್ಲ.

"ಆ ಸೊಪ್ಪಿನೋಳು ಬಾಡಿದ ದಂಟು ತಂದು ನನ್ ಮುಂದೆ ವಯ್ಯಾರ ಮಾಡ್ತಾಳೆ ಕಣೇ. ನಾನೇನ್ ಕಮ್ಮಿಯಾ? ಕೊಸರಿ ಕೊಸರಿ ಇನ್ನೊಂದು ಕಟ್ಟು ಇಸ್ಕೊಂಡೆ."

"ಕೊಸರಿ ಅಂದ್ರೆ ಏನತ್ತೆ?"

"ಅಯ್ಯೋ, ಅವಳು ಸಾಕು ಅಂದ್ಮೇಲೂ ಬಿಡದೆ, ಇನ್ನೊಂಚೂರು ಹಾಕು, ಇನ್ನೊಂಚೂರು ಹಾಕು ಅನ್ನೋದು. ನಿನ್ ಗಂಡ ಚಿಕ್ಕೋನಿದ್ದಾಗ ಬೆಲ್ಲಕ್ಕೆ ಮಾಡ್ತಿದ್ದನಲ್ಲ, ಹಾಗೆ."

ಮಾರನೆಯ ದಿನ ಊಟಕ್ಕೆ ಕೂತಾಗ ನಾನು ಇನ್ನೊಂದು ಹಪ್ಪಳ ಕೇಳಿದೆ. "ಕೊಸರಬೇಡಿ, ಅಷ್ಟೇ ಇರೋದು" ಎಂಬ ಉತ್ತರ ಬಂತು. ಹೀಗೆ ನನ್ನ ಪದಗಳು ನನ್ನ ಕಣ್ಣೆದುರಿಗೇ ನನ್ನ ಹೆಂಡತಿಯ ಪಾಲಾಗುತ್ತಿದ್ದವು. ಅವಳು ತಪ್ಪು ಮಾಡುತ್ತಿರಲಿಲ್ಲವೆಂದಲ್ಲ. ಒಮ್ಮೆ "ಅತ್ತೆ, ನಿಮ್ಮ ಮಗ ಇನ್ನೂ ಮಲಗಿದೆ" ಅಂದಳು. ಅಮ್ಮ ಒಂದಿಷ್ಟೂ ತಿದ್ದದೆ, "ಅದು ಹಾಗೇನೇ, ಮಲಗಿರ್ಲಿ ಬಿಡು" ಅಂದಳು.

ಸೆಲ್ವಿಯ ಸರದಿ ಮುಗಿದ ಮೇಲೆ ಫೋನು ನನ್ನ ಕೈಗೆ ಬರುತ್ತಿತ್ತು. ನನ್ನ ಪ್ರಶ್ನೆಗಳು ಸಿದ್ಧ: ಊಟ ಆಯ್ತಾ, ಮಳೆ ಬಂತಾ, ಮಾತ್ರೆ ತಗೊಂಡ್ಯಾ. ಅಮ್ಮನ ಉತ್ತರಗಳೂ ಸಿದ್ಧ. "ಆಯ್ತು ಕಣೋ. ಟುಡೇ ಲೈಟ್ ರೈನ್. ಟ್ಯಾಬ್ಲೆಟ್ ತಗೊಂಡೆ, ಬಿಪಿ ನಾರ್ಮಲ್. ನಿಂದು ವರ್ಕ್ ಚೆನ್ನಾಗಿದ್ಯಾ? ಓಕೆ, ಟೇಕ್ ಕೇರ್." ಅಮ್ಮ ಓದಿದ್ದು ಹೈಸ್ಕೂಲಿನವರೆಗೆ. ಅಕ್ಕನ ಮಕ್ಕಳ ಸಹವಾಸದಲ್ಲಿ ಈ ವಯಸ್ಸಿನಲ್ಲೂ ಇಂಗ್ಲಿಷು ಕಲಿಯುತ್ತಿದ್ದಾಳಲ್ಲ ಎಂದು ನನಗೆ ಬಹಳ ಹೆಮ್ಮೆಯಾಗುತ್ತಿತ್ತು. ನನ್ನಲ್ಲಿ ಹೆಮ್ಮೆಗೆ ಯಾವಾಗಲೂ ಕೊರತೆಯಿಲ್ಲ.

ನಮ್ಮ ಮಗಳು ಮೀರಾಗೆ ಹನ್ನೆರಡು. ಇಲ್ಲಿಯ ನಮ್ಮವರ ಮಕ್ಕಳಂತೆ ಅವಳಿಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಸಂಜೆ ನಾನು ಅಮ್ಮನೊಡನೆ ಮಾತು ಮುಗಿಸಿ ಫೋನು ಇಟ್ಟಾಗ, ಹೋಂವರ್ಕಿನಿಂದ ತಲೆಯೆತ್ತಿ, "ಅಪ್ಪಾ, ಅಜ್ಜಿ ಟಾಕ್ಸ್ ಟು ಯೂ ಲೈಕ್ ಯೂ ಆರ್ ಎ ಟೂರಿಸ್ಟ್ ಲಾ" ಅಂದಳು. ನಿನ್ನ ಜೊತೆ ಅಜ್ಜಿ ಮಾತಾಡುವುದು ಊರು ನೋಡಲು ಬಂದ ಪ್ರವಾಸಿಯ ಜೊತೆ ಮಾತಾಡಿದ ಹಾಗಿದೆ ಎಂದು. ನಾನು ನಕ್ಕೆ. ಅವಳು ನಗಲಿಲ್ಲ. ಸೆಲ್ವಿ ಒಲೆಯ ಕಡೆ ತಿರುಗಿಕೊಂಡಳು, ಅದರಿಂದ ಅವಳಿಗೂ ಇದು ಗೊತ್ತಿತ್ತು ಎಂದು ತಿಳಿಯಿತು.

ಮರುದಿನ ನಾನು ಹಾಲಿನಲ್ಲಿ ಪೇಪರು ಹಿಡಿದು ಕೂತು ಕಿವಿಯನ್ನು ಅಡುಗೆಮನೆಗೆ ಕಳಿಸಿದೆ. ಸೆಲ್ವಿಯ ಜೊತೆ ಅಮ್ಮನ ಮಾತು ಕೋಡಿ ಬಿದ್ದ ಕೆರೆಯ ಹಾಗೆ ಹರಿಯುತ್ತಿತ್ತು. ಪಕ್ಕದ ಮನೆಯವರ ಬಿಂಕ, ಅಕ್ಕನ ಸಿಡಿಮಿಡಿ, ಮಂಡಿಯ ಚಳುಕು, ಹದ ತಪ್ಪಿದ ಹುಳಿ. ಮೀರಾ ಮಧ್ಯೆ ಹೋಗಿ 'ಹಾಯ್ ಅಜ್ಜಿ' ಎಂದಳು, ಅವಳಿಗೂ ಅದೇ ಓಟದ ಕನ್ನಡ. ಆಮೇಲೆ ಫೋನು ನನಗೆ ಬಂತು. ಅಮ್ಮನ ದನಿ ಸಣ್ಣಗೆ ಗೇರ್ ಬದಲಿಸಿತು. ನಿಧಾನವಾಯಿತು, ಬಿಡಿಸಿ ಬಿಡಿಸಿ ಬಂತು. "ರಘು... ಟುಡೇ... ಆಫೀಸ್ ಬೇಗ ಓವರ್ ಆಯ್ತಾ?"

ನನಗೆ ಬಹಳ ನೋವಾಯಿತು. ಅಮ್ಮನ ಬಾಯಿಯ ಕನ್ನಡ ಮನೆಯಲ್ಲಿ ಎಲ್ಲರಿಗೂ ಸಿಗುತ್ತಿದೆ, ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೊಬ್ಬನಿಗೆ ಇಲ್ಲ. ನನಗೆ ಉಳಿದಿರುವುದು ಹವಾಮಾನ ಮತ್ತು ಬಿಪಿ. ಅವಳಿಗೆ ವಯಸ್ಸಾಗುತ್ತಿದೆ, ನನಗೂ. ಇನ್ನುಳಿದ ವರ್ಷಗಳನ್ನೆಲ್ಲ ನಾವಿಬ್ಬರೂ ಮಳೆ ಬಂತಾ, ಬಂತು ಎಂದೇ ಕಳೆದುಬಿಡುತ್ತೇವೇನೋ ಎಂದು ಹೆದರಿಕೆಯಾಯಿತು. ಇಂಥ ಹೆದರಿಕೆಯನ್ನು ನಾನು ಯಾವ ನವೆಂಬರಿನಲ್ಲೂ ಹೇಳಿರಲಿಲ್ಲ.

ಮರುದಿನ ನೇರವಾಗಿ ಕೇಳಿದೆ. "ಅಮ್ಮಾ, ನನ್ ಹತ್ರ ಮಾತ್ರ ಯಾಕೆ ಇಂಗ್ಲಿಷು?"

"ನಿಂಗೆ ಅರ್ಥ ಆಗ್ಲಿ ಅಂತ ಕಣೋ" ಅಂದಳು, ಅದರಲ್ಲೇನಿದೆ ಎಂಬಂತೆ.

"ನಂಗೆ ಕನ್ನಡ ಅರ್ಥ ಆಗಲ್ವಾ?"

"ಆಗುತ್ತಪ್ಪಾ, ಆಗುತ್ತೆ. ಅವತ್ತು ಯುಗಾದಿ ಹಿಂದಿನ ದಿನ, ಕಂಕುಳಲ್ಲಿ ಕುರು ಎದ್ದಿದೆ ಕಣೋ, ಕೈ ಎತ್ತೋಕೆ ಆಗ್ತಿಲ್ಲ ಅಂದೆ. ನೀನು, ತುಂಬಾ ಒಳ್ಳೇದಾಯ್ತಮ್ಮಾ ಅಂದೆ. ಸೆಲ್ವಿ ಆದ್ರೆ ಕುರು ಅಂದ್ರೇನು ಅತ್ತೆ ಅಂತ ಕೇಳಿ, ಎಲ್ಲಾ ತಿಳ್ಕೊಂಡು, ಔಷಧಿ ಹೆಸರು ಅಕ್ಕನಿಗೆ ಕಳಿಸಿದ್ಲು. ನೀನು ಕೇಳಲ್ಲ ಕಣೋ. ಗೊತ್ತಿಲ್ದಿದ್ರೂ ಹೂಂ ಅಂತೀಯ. ಪಾಪ, ಯಾಕೆ ಕಷ್ಟ ಅಂತ ನಾನೇ ಬದಲಾಯಿಸ್ಕೊಂಡೆ."

ಕುರು ಎಂದರೆ ಕೀವು ತುಂಬಿದ ದೊಡ್ಡ ಗುಳ್ಳೆ. ನನ್ನ ಅಮ್ಮ ಅದನ್ನು ಕಂಕುಳಲ್ಲಿಟ್ಟುಕೊಂಡು ನರಳುತ್ತಿದ್ದಾಗ, ಅವಳಿಗೇನೋ ಶುಭ ನಡೆದಿದೆ ಎಂದು ನಾನು ಸಂತೋಷಪಟ್ಟಿದ್ದೆ. ಪ್ರಪಂಚದ ಯಾವ ಸೊಸೆಯೂ ಇಷ್ಟು ಸುಲಭವಾಗಿ ಮಗನನ್ನು ಗೆದ್ದಿರಲಾರಳು.

ಆ ರಾತ್ರಿ ಊಟ ಮಾಡುತ್ತಾ ನನಗೆ ಗುಟ್ಟು ಹೊಳೆಯಿತು. ಕೀಳರಿಮೆ ಇದ್ದವನು ನುಡಿಯನ್ನು ಬಳಸಲು ನಾಚುತ್ತಾನೆ, ಸರಿ. ಆದರೆ ಹೆಮ್ಮೆಯವನು ಕೇಳಲು ನಾಚುತ್ತಾನೆ. ವೇದಿಕೆಯ ಮೇಲೆ ಕನ್ನಡದ ಹಿರಿಮೆ ಸಾರುವವನು 'ಅಮ್ಮಾ, ಹಾಗಂದರೇನು' ಎಂದು ಹೇಗೆ ಕೇಳಿಯಾನು? ಹೂಂಗುಟ್ಟುತ್ತಾನೆ. ಒಂದು ಪದ ಹೂಂ ಎಂದುಕೊಂಡು ಹೋಯಿತು, ಹಿಂದೆಯೇ ಇನ್ನೊಂದು. ಹೇಳುವವರಿಗೂ ಕ್ರಮೇಣ ಗೊತ್ತಾಗುತ್ತದೆ, ಅವರು ಸುಲಭದ ಮಾತಿಗೆ ಇಳಿಯುತ್ತಾರೆ, ಆಮೇಲೆ ಆ ಪದ ಕಿವಿಗೂ ಬೀಳುವುದಿಲ್ಲ. ಸೆಲ್ವಿಗೆ ಕನ್ನಡದ ಬಗ್ಗೆ ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ. ಅವಳಿಗೆ ಬೇಕಾದದ್ದು ಸೊಪ್ಪಿನವಳ ಕಥೆ. ಕಥೆಗೆ ಕನ್ನಡ ಬೇಕು, ಕೇಳುತ್ತಾಳೆ.

ಹಾಗಾದರೆ ನಾನೂ ಕೇಳುತ್ತೇನೆ ಎಂದು ಹೊರಟೆ. ಅದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಅಮ್ಮ ಒಮ್ಮೆ ನನ್ನನ್ನು ಕನ್ನಡ ಬಾರದವರ ಬೆಂಚಿಗೆ ಹಾಕಿದವಳು ಈ ಕಡೆಗೆ ಬರಗೊಡಲು ಒಪ್ಪಲಿಲ್ಲ. ಮೊದಲ ದಿನ ಅವಳ ಮೆಚ್ಚುಗೆಗಾಗಿ ನನ್ನ ಭಾಷಣದ ಒಳ್ಳೊಳ್ಳೆಯ ಪದಗಳನ್ನೆಲ್ಲ ತೆಗೆದೆ. "ಅಮ್ಮಾ, ನಿನ್ನ ಆರೋಗ್ಯ ಸ್ಥಿತಿಗತಿ ಹೇಗಿದೆ?" ಅಂದೆ. "ಅಲ್ಲೇನಾದ್ರೂ ಜಗಳ ಆಗಿದ್ಯೇನೋ ರಘು?" ಎಂದು ಕೇಳಿದಳು. ಸ್ಥಿತಿಗತಿ ನಮ್ಮ ಮನೆಯಲ್ಲಿ ಯಾರೂ ಆಡುವ ಮಾತಲ್ಲ. ಸೆಲ್ವಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಅಮ್ಮ ಅವಳಿಗೆ ಕನ್ನಡದಲ್ಲಿ ಹೇಳಿ, ನನಗಾಗಿ ಕೊನೆಗೊಂದು ಇಂಗ್ಲಿಷು ಪದ ಎಸೆಯುತ್ತಿದ್ದಳು. ನಾನು ಬೇಡವೆಂದಷ್ಟೂ ಅವಳ ಮರುಕ ಹೆಚ್ಚಾಯಿತು.

ಬರೀ ಕೂತರೆ ಆಗದು, ಕೈಗೆ ಕೆಲಸವಿರಬೇಕು ಎಂದು ಸೆಲ್ವಿಯೇ ದಾರಿ ತೋರಿಸಿದಳು. ಮುಂದಿನ ಶನಿವಾರ ಬೆಳಿಗ್ಗೆ ಅವಳು ಏಪ್ರನ್ ಬಿಚ್ಚಿ ನನಗೆ ಕಟ್ಟಿ, ಸಬ್ಬಸಿಗೆ ಸೊಪ್ಪನ್ನು ಕೈಗಿತ್ತು, ವೀಡಿಯೋ ಕರೆ ಮಾಡಿ ಫೋನನ್ನು ಎಂದಿನ ಡಬ್ಬಿಗೆ ಒರಗಿಸಿದಳು. "ಅತ್ತೆ, ಇವತ್ತು ನಿಮ್ಮ ಮಗ ಅಕ್ಕಿರೊಟ್ಟಿ ಮಾಡ್ತಾರೆ. ನಾನು ಇರಲ್ಲ" ಎಂದು ಹೇಳಿ, ಊಟದ ಮೇಜಿನ ಹತ್ತಿರ ಮೀರಾ ಪಕ್ಕದಲ್ಲಿ ಹೋಗಿ ಕೂತಳು. ಅಮ್ಮನ ಮುಖದಲ್ಲಿ ಅಪನಂಬಿಕೆ ಎದ್ದು ಕಾಣುತ್ತಿತ್ತು.

ಈರುಳ್ಳಿ, ತೆಂಗಿನತುರಿ, ಹಸಿಮೆಣಸಿನಕಾಯಿ ಎಲ್ಲ ಹಾಕಿ ಹಿಟ್ಟು ಕಲಸಿದೆ. "ಗಟ್ಟಿ ಆಯ್ತು, ಸ್ವಲ್ಪ ವಾಟರ್ ಆ್ಯಡ್ ಮಾಡು" ಅಂದಳು ಅಮ್ಮ.

"ಅಮ್ಮಾ, ಕನ್ನಡ."

"ಹೂಂ. ನೀರು ಚಿಮುಕಿಸು."

ನಾನು ಲೋಟವನ್ನು ಬಗ್ಗಿಸಿದೆ. ಹಿಟ್ಟು ದೋಸೆಯ ದಾರಿ ಹಿಡಿಯಿತು. "ಚಿಮುಕ್ಸು ಅಂದ್ರೆ ಸುರಿಯೋದೇನೋ?" ಅಂದಳು. ದನಿ ಒಂದು ಮೆಟ್ಟಿಲು ಏರಿತ್ತು. ಇನ್ನಷ್ಟು ಹಿಟ್ಟು ಸೇರಿಸಿ, ಹೇಗೋ ಮಾಡಿ ಬಾಣಲೆಗೆ ಎಣ್ಣೆ ಸವರಿ ತಟ್ಟಿದೆ. ನಮ್ಮ ರಾಜ್ಯದ ನಕ್ಷೆಯನ್ನೇ ಹೋಲುವ ರೊಟ್ಟಿಯೊಂದು ತಯಾರಾಯಿತು. ನಡುವೆ ತೂತು ಮಾಡಿ ಎಣ್ಣೆ ಬಿಟ್ಟು, ಮುಚ್ಚಿ, ಅಮ್ಮನ ಕಡೆ ನೋಡಿ ನಕ್ಕೆ. ಇದೇ ಸಮಯವೆಂದು ಅವಳ ಹಳೆಯ ಅಡುಗೆಮನೆಯ ವಿಷಯ ಮಾತಾಡತೊಡಗಿದೆ, ಮಾತಾಡುತ್ತಾ ರೊಟ್ಟಿಯನ್ನು ಮರೆತೆ. ಹೊಗೆ ಎದ್ದಾಗ ಮುಚ್ಚಳ ತೆಗೆದು, ಕೈಗೆ ಸಿಕ್ಕ ಸಾರಿನ ಸೌಟನ್ನೇ ರೊಟ್ಟಿಯ ಕೆಳಗೆ ತೂರಿಸಲು ಹೋದೆ.

"ಲೋ ಲೋ ಲೋ! ಸೌಟಲ್ಲಿ ಯಾರಾದ್ರೂ ರೊಟ್ಟಿ ಎತ್ತುತ್ತಾರೇನೋ! ಮಗುಚೋ ಕೈ ತಗೋ, ಮಗುಚೋ ಕೈ! ಮೊದ್ಲು ಉರಿ ಸಣ್ಣ ಮಾಡು. ಅಲ್ನೋಡು, ಅಂಚೆಲ್ಲಾ ಸೀದು ಕರಕಲಾಯ್ತು. ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ. ಚಿಕ್ಕೋನಿದ್ದಾಗಿಂದ್ಲೂ ಹಿಂಗೇ, ಏನು ಹಿಡಿದ್ರೂ ಅರ್ಧಂಬರ್ಧ. ಅಡ್ಡಕಸುಬಿ ತಂದು!"

ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ರೊಟ್ಟಿ ಸೀಯುತ್ತಿತ್ತು, ಘಾಟು ಮೂಗಿಗೆ ಬಡಿಯುತ್ತಿತ್ತು, ನಾನು ಕೈಯಲ್ಲಿ ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. ಎಷ್ಟೋ ವರ್ಷಗಳ ಮೇಲೆ ಅಮ್ಮ ನನ್ನೊಡನೆ ತನ್ನ ವೇಗದಲ್ಲಿ ಮಾತಾಡಿದ್ದಳು. ಕಣ್ಣಿನಲ್ಲಿ ನೀರು ಬಂತು. ಹೊಗೆಗೂ ಬಂದಿರಬಹುದು.

"ಅಮ್ಮಾ" ಅಂದೆ, "ಅಡ್ಡಕಸುಬಿ ಅಂದ್ರೆ?"

ಅಮ್ಮ ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದಳು. ಆಮೇಲೆ ಸೆಲ್ವಿಗೆ ಹೇಳುವ ದನಿಯಲ್ಲೇ, "ಬರದೇ ಇರೋ ಕೆಲಸಕ್ಕೆ ಕೈ ಹಾಕಿ, ಎಲ್ಲಾ ಬರುತ್ತೆ ಅಂತ ಓಡಾಡ್ಕೊಂಡಿರೋನು" ಅಂದಳು.

ಒಂದೇ ಪದದಲ್ಲಿ ನನ್ನ ಎಲ್ಲ ನವೆಂಬರುಗಳೂ ಅಡಕವಾದವು. ಮೇಜಿನ ಕಡೆಯಿಂದ ಮೀರಾ ಆ ಪದವನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸುವುದು ಕೇಳಿಸಿತು. "ಅಡ್ಡ-ಕಸುಬಿ. ಅಪ್ಪಾ, ನೀವು ಅಡ್ಡಕಸುಬಿ ಲಾ!" ನನ್ನ ಮಗಳು ತಾನಾಗಿ ನನ್ನೊಡನೆ ಆಡಿದ ಮೊದಲ ಕನ್ನಡ ವಾಕ್ಯ ಇದು. ಕೊನೆಯಲ್ಲೊಂದು 'ಲಾ' ಇತ್ತು, ನಾನು ತಿದ್ದಲಿಲ್ಲ. ಮುಂದಿನ ನವೆಂಬರಿಗೆ ಬೇರೆ ಭಾಷಣಕಾರರನ್ನು ನೋಡಿಕೊಳ್ಳಿ, ನಾನು ಊಟದ ಕಮಿಟಿಯಲ್ಲಿರುತ್ತೇನೆ ಎಂದು ಕನ್ನಡ ಬಳಗದವರಿಗೆ ಆ ಮಧ್ಯಾಹ್ನವೇ ತಿಳಿಸಿದೆ.

ಆ ಬೆಳಿಗ್ಗೆ ಕರೆ ಮುಗಿಯುವಾಗ ಅಮ್ಮನಿಗೆ ಸ್ನಾನಕ್ಕೆ ಹೊತ್ತಾಗಿತ್ತು. "ಆ ಬಾಣಲೆ ಆರಲಿ, ಹೊಸದಾಗಿ ಎಣ್ಣೆ ಸವರು. ಈ ಸಲ ತೆಳ್ಳಗೆ ತಟ್ಟು, ದಪ್ಪ ಮಾಡ್ಬೇಡ, ಕೇಳಿಸ್ತಾ?" ಎಂದವಳು ನನ್ನ ಉತ್ತರಕ್ಕೂ ಕಾಯದೆ ಫೋನು ಇಟ್ಟುಬಿಟ್ಟಳು. ಟೇಕ್ ಕೇರ್ ಅನ್ನಲಿಲ್ಲ.